ಎನ್‌ಟಿ 4.0 ಸರ್ವರ್: ಮೂರು ಸ್ಕಸಿ ಡಿಸ್ಕ್‌ಗಳ ವಾಲ್ಯೂಮ್ ಸೆಟ್ ಬ್ಯಾಕಪ್ ಮತ್ತು ರೀಸ್ಟೋರ್

ಹಳೇಸರ್ವರ್ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ವಿಂಡೋಸ್ ಎನ್‌ಟಿ 4.0 ಸರ್ವರ್, ಸರ್ವಿಸ್ ಪ್ಯಾಕ್ 6ಎ. ಡಿಸ್ಕ್‌ಗಳನ್ನು ಜೋಡಿಸುವ ಅಡಾಪ್ಟೆಕ್ 2940 ಸ್ಕಸಿ ಕಾರ್ಡ್, ಹಾರ್ಡ್‌ವೇರ್ ರೇಡ್ ಇಲ್ಲ. ಡಿಸ್ಕ್ 0 ಎಂಬುದು 4.3 ಜಿಬಿಯದು, ಅದರಲ್ಲಿ ಸಿಸ್ಟಮ್ ಇದೆ. ಡಿಸ್ಕ್ 1, 2, 3 ತಲಾ 9.1 ಜಿಬಿ. ಈ ಮೂರನ್ನೂ ಡಿಸ್ಕ್ ಅಡ್ಮಿನಿಸ್ಟ್ರೇಟರ್‌ನಲ್ಲಿ ವಾಲ್ಯೂಮ್ ಸೆಟ್ ಮಾಡಿ, ಅಂದರೆ ಒಂದೇ ಡ್ರೈವಿನಂತೆ ಕಾಣುವ ಹಾಗೆ ಸೇರಿಸಿ, ಇ ಡ್ರೈವ್ ಎಂದು ಕೊಟ್ಟಿದ್ದಾರೆ. ಫೈಲ್ ವ್ಯವಸ್ಥೆ ಎನ್‌ಟಿಎಫ್‌ಎಸ್, ಸುಮಾರು 18 ಜಿಬಿ ತುಂಬಿದೆ. ಹಳೆಯ ಲೆಕ್ಕದ ಫೈಲ್‌ಗಳು, ನಕ್ಷೆಗಳು, ಫೋಲ್ಡರ್‌ವಾರು ಅನುಮತಿಗಳು ಎಲ್ಲವೂ ಬೇಕು.

ಈ ವಾರದಿಂದ ಈವೆಂಟ್ ವ್ಯೂವರ್‌ನಲ್ಲಿ ಡಿಸ್ಕ್ 2ರ ಮೇಲೆ ಈವೆಂಟ್ 7, ಕೆಟ್ಟ ಬ್ಲಾಕ್ ಎಂದು ಬರುತ್ತಿದೆ. ಡಿಡಿಎಸ್-3 ಟೇಪ್ ಡ್ರೈವ್ ಇದೆ, ಕೆಲಸ ಮಾಡುತ್ತದೆ. ಕೇಳಬೇಕಾದದ್ದು ಮೂರು. ಮೊದಲು ಏನು ಮಾಡಬೇಕು? ಮೂರು ಡಿಸ್ಕ್‌ಗಳನ್ನು ಬಿಡಿಬಿಡಿಯಾಗಿ ಕಾಪಿ ಮಾಡಿದರೆ ವಾಲ್ಯೂಮ್ ಮತ್ತೆ ಒಂದಾಗುತ್ತದೆಯೇ? ರೀಸ್ಟೋರ್ ಮಾಡುವಾಗ ಮತ್ತೆ ಮೂರು ಡಿಸ್ಕ್ ಬೇಕೇ?

ಟೇಪ್‌ಪೆಟ್ಟಿಗೆ:

ಸರ್, ಮೊದಲು ಮಾಡಬಾರದ್ದು ಹೇಳುತ್ತೇನೆ. ಡಿಸ್ಕ್‌ನ ತಪ್ಪು ಸರಿಪಡಿಸುವ ಚೆಕ್‌ಡಿಸ್ಕ್ ಓಡಿಸಬೇಡಿ. ಕೆಟ್ಟ ಬ್ಲಾಕ್ ಅಂದ ಕೂಡಲೇ ಕೈ ಅದರ ಕಡೆಗೇ ಹೋಗುತ್ತದೆ. ಆದರೆ ಓದಲು ತಿಣುಕುತ್ತಿರುವ ಡಿಸ್ಕ್ ಮೇಲೆ ಅದು ಬರೆಯಲು ಶುರುಮಾಡುತ್ತದೆ, ಓದಲಾಗದ ಎಂಎಫ್‌ಟಿ (ಎನ್‌ಟಿಎಫ್‌ಎಸ್‌ನ ಫೈಲ್‌ಪಟ್ಟಿ) ದಾಖಲೆಗಳನ್ನು ಕಿತ್ತು ಹಾಕುತ್ತದೆ. ಸರ್ವರ್ ರೀಬೂಟ್ ಆದರೂ ಆಟೋಚೆಕ್ (ಬೂಟ್ ಆಗುವಾಗ ಓಡುವ ಚೆಕ್‌ಡಿಸ್ಕ್) ತಾನಾಗಿ ಏಳಬಹುದು, ಅದಕ್ಕೆ ಚೆಕ್‌ಎನ್‌ಟಿಎಫ್‌ಎಸ್ ಕಮಾಂಡ್‌ನಲ್ಲಿ /ಎಕ್ಸ್ ಕೊಟ್ಟು ಇ ಡ್ರೈವನ್ನು ಹೊರಗಿಡಿ.

ಈಗ ನಿಮ್ಮ ಎರಡನೇ ಪ್ರಶ್ನೆ. ವಾಲ್ಯೂಮ್ ಸೆಟ್‌ನಲ್ಲಿ ಡೇಟಾ ಒಂದರ ಹಿಂದೆ ಒಂದು ಡಿಸ್ಕ್‌ನಲ್ಲಿ ಸಾಲಾಗಿ ಇರುತ್ತದೆ. ವೇಗವೂ ಇಲ್ಲ, ರಕ್ಷಣೆಯೂ ಇಲ್ಲ. ಒಂದು ಡಿಸ್ಕ್ ಹೋದರೆ ಇಡೀ ಇ ಡ್ರೈವ್ ಹೋಯಿತು. ಯಾವ ತುಂಡಿನ ನಂತರ ಯಾವ ತುಂಡು ಎಂಬ ಮಾಹಿತಿಯನ್ನು ಎನ್‌ಟಿ ಆ ಡಿಸ್ಕ್‌ಗಳಲ್ಲಿ ಬರೆದಿಡುವುದಿಲ್ಲ. ಅದು ಸಿಸ್ಟಮ್ ಡಿಸ್ಕ್‌ನ ರಿಜಿಸ್ಟ್ರಿಯಲ್ಲಿ (ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಇಡುವ ಜಾಗ), ಎಚ್‌ಕೀ ಲೋಕಲ್ ಮಷೀನ್ → ಸಿಸ್ಟಮ್ → ಡಿಸ್ಕ್ ಎಂಬ ಕೀಯಲ್ಲಿ, ಇನ್ಫರ್ಮೇಷನ್ ಎಂಬ ಒಂದೇ ಬೈನರಿ ಮೌಲ್ಯವಾಗಿ ಕೂತಿರುತ್ತದೆ. ಡೇಟಾ ಡಿಸ್ಕ್‌ಗಳಲ್ಲಿ ಇರುವುದು ಎರಡೇ ಗುರುತು: ಎಂಬಿಆರ್‌ನ (ಡಿಸ್ಕ್‌ನ ಮೊದಲ ಸೆಕ್ಟರ್) 440ನೇ ಬೈಟ್‌ನಿಂದ ನಾಲ್ಕು ಬೈಟ್‌ಗಳ ಡಿಸ್ಕ್ ಸಹಿ, ಮತ್ತು ಪಾರ್ಟಿಷನ್ ಮಾದರಿ ಹೆಕ್ಸ್ 07ರ ಬದಲು ಹೆಕ್ಸ್ 87. ರಿಜಿಸ್ಟ್ರಿ ಈ ಸಹಿಯನ್ನೂ ಪಾರ್ಟಿಷನ್ ಶುರುವಾಗುವ ಜಾಗವನ್ನೂ ನೋಡಿ ತುಂಡುಗಳನ್ನು ಗುರುತಿಸುತ್ತದೆ. ಹಾಗಾಗಿ ಸ್ಕಸಿ ಐಡಿ ಬದಲಾದರೆ ತೊಂದರೆಯಿಲ್ಲ, ಸಹಿ ಬದಲಾದರೆ ಮಾತ್ರ ಸೆಟ್ ಬಿಚ್ಚಿಕೊಳ್ಳುತ್ತದೆ. ಡಾಸ್ ಫ್ಲಾಪಿಯಿಂದ ಎಫ್‌ಡಿಸ್ಕ್ /ಎಂಬಿಆರ್ ಹೊಡೆಯುವ ಅಭ್ಯಾಸ ಇದ್ದರೆ ಈ ಮಷೀನಿನ ಹತ್ತಿರ ಅದನ್ನು ತರಲೇಬೇಡಿ, ಸಹಿ ಅಳಿಸಿಹೋಗುತ್ತದೆ.

ಇವತ್ತೇ, ಮಷೀನ್ ನಡೆಯುತ್ತಿರುವಾಗಲೇ ಮಾಡಬೇಕಾದ ಕೆಲಸ:

ಡಿಸ್ಕ್ ಅಡ್ಮಿನಿಸ್ಟ್ರೇಟರ್ ತೆರೆದು ಪಾರ್ಟಿಷನ್ → ಕಾನ್ಫಿಗರೇಷನ್ → ಸೇವ್. ಒಂದು ಫ್ಲಾಪಿ ಕೇಳುತ್ತದೆ. ಎರಡು ಫ್ಲಾಪಿ ಮಾಡಿ, ಹಳೆಯ ಫ್ಲಾಪಿಗಳನ್ನು ನಂಬುವಂತಿಲ್ಲ. ಆಮೇಲೆ ತುರ್ತು ರಿಪೇರಿ ಡಿಸ್ಕ್ ಮಾಡುವ ಆರ್‌ಡಿಸ್ಕ್ /ಎಸ್. /ಎಸ್ ಇಲ್ಲದೆ ಓಡಿಸಿದರೆ ಬಳಕೆದಾರರ ಖಾತೆಗಳಿರುವ ಸ್ಯಾಮ್ ಮತ್ತು ಸೆಕ್ಯುರಿಟಿ ಹೈವ್‌ಗಳು (ರಿಜಿಸ್ಟ್ರಿಯ ಫೈಲ್‌ಗಳು) ಹಳೆಯವೇ ಉಳಿಯುತ್ತವೆ. ಖಾತೆಗಳು ಬಹಳ ಇದ್ದು 1.44 ಎಂಬಿಯಲ್ಲಿ ಹಿಡಿಸದಿದ್ದರೆ /ಎಸ್- ಕೊಡಿ, ಫ್ಲಾಪಿ ಕೇಳದೆ ರಿಪೇರ್ ಫೋಲ್ಡರ್‌ಗೆ ಮಾತ್ರ ಬರೆಯುತ್ತದೆ. ಆ ಫೋಲ್ಡರನ್ನು ನೆಟ್‌ವರ್ಕ್ ಮೂಲಕ ಬೇರೆ ಮಷೀನಿಗೆ ಕಾಪಿ ಮಾಡಿಕೊಳ್ಳಿ. ಕೊನೆಗೆ ಡಿಸ್ಕ್ ಅಡ್ಮಿನಿಸ್ಟ್ರೇಟರ್ ಪರದೆಯನ್ನು ಒಂದು ಕಾಗದದ ಮೇಲೆ ಬರೆದಿಡಿ: ಯಾವ ಡಿಸ್ಕ್, ಎಷ್ಟು ಎಂಬಿ, ಯಾವ ಅಕ್ಷರ. ಡಿಸ್ಕ್‌ಗಳ ಮೇಲೂ ಸ್ಕಸಿ ಐಡಿ ಬರೆದ ಚೀಟಿ ಅಂಟಿಸಿ.

ಟರ್ಮಿನೇಟರ್68:

ಮೇಲಿನದು ಸರಿ. ಟೇಪ್ ವಿಷಯಕ್ಕೆ ಬರುತ್ತೇನೆ.

ಎನ್‌ಟಿ 4ರ ಎನ್‌ಟಿಬ್ಯಾಕಪ್ ಟೇಪ್‌ಗೆ ಮಾತ್ರ ಬರೆಯುತ್ತದೆ, ಫೈಲ್‌ಗೆ ಬರೆಯುವ ಸೌಲಭ್ಯ ವಿಂಡೋಸ್ 2000ದಲ್ಲಿ ಬಂತು. ಡಿಡಿಎಸ್-3 ಟೇಪ್ ಒಂದರಲ್ಲಿ ಕಂಪ್ರೆಷನ್ ಇಲ್ಲದೆ 12 ಜಿಬಿ ಹಿಡಿಸುತ್ತದೆ. ಡಬ್ಬದ ಮೇಲಿನ 24 ಜಿಬಿ ಅಂಕಿ ಡೇಟಾ ಅರ್ಧಕ್ಕೆ ಕುಗ್ಗಿದರೆ ಎಂಬ ಲೆಕ್ಕದ್ದು. ಮೊದಲೇ ಜಿಪ್ ಆದ ನಕ್ಷೆಗಳಿದ್ದರೆ 18 ಜಿಬಿಗೆ ಎರಡು ಟೇಪ್ ಬೇಕೇ ಬೇಕು, ಮೂರನೆಯದನ್ನೂ ಪಕ್ಕದಲ್ಲಿಟ್ಟುಕೊಳ್ಳಿ.

ಇ ಡ್ರೈವ್ ಮಾತ್ರ ಆರಿಸಿದರೆ ರಿಜಿಸ್ಟ್ರಿ ಟೇಪ್‌ಗೆ ಹೋಗುವುದಿಲ್ಲ. ಸಿಸ್ಟಮ್ ಇರುವ ಸಿ ಡ್ರೈವನ್ನೂ ಸೇರಿಸಿ, ಆಗಷ್ಟೇ ಬ್ಯಾಕಪ್ ಲೋಕಲ್ ರಿಜಿಸ್ಟ್ರಿ ಟಿಕ್‌ಗೆ ಅರ್ಥ ಬರುವುದು. ಇದನ್ನು ಬಿಟ್ಟವರೇ ಹೆಚ್ಚು. ಹಂಚಿಕೆ ಫೋಲ್ಡರ್‌ಗಳ ಹೆಸರುಗಳು ಕೂಡ ರಿಜಿಸ್ಟ್ರಿಯಲ್ಲೇ, ಲ್ಯಾನ್‌ಮ್ಯಾನ್‌ಸರ್ವರ್ → ಶೇರ್ಸ್ ಕೀಯಲ್ಲಿ ಇರುತ್ತವೆ. ವೆರಿಫೈ ಟಿಕ್ ಮಾಡಿ, ಸಮಯ ದುಪ್ಪಟ್ಟಾದರೂ ಸರಿ. ತೆರೆದಿರುವ ಫೈಲ್‌ಗಳನ್ನು ಎನ್‌ಟಿಬ್ಯಾಕಪ್ ಬಿಟ್ಟು ಮುಂದೆ ಹೋಗುತ್ತದೆ. ತೆರೆದ ಫೈಲನ್ನೂ ಕಾಪಿ ಮಾಡಬಲ್ಲ ಶ್ಯಾಡೋ ಕಾಪಿ ಎಂಬುದು ಎನ್‌ಟಿ 4ರಲ್ಲಿ ಇಲ್ಲವೇ ಇಲ್ಲ. ಡೇಟಾಬೇಸ್ ಸರ್ವಿಸ್‌ಗಳನ್ನು ನೆಟ್ ಸ್ಟಾಪ್ ಕೊಟ್ಟು ನಿಲ್ಲಿಸಿ, ಬಳಕೆದಾರರನ್ನು ಹೊರಗೆ ಹಾಕಿ ಶುರುಮಾಡಿ. ಮುಗಿದ ಮೇಲೆ ಲಾಗ್‌ನಲ್ಲಿ ಯಾವ ಫೈಲ್ ಬಿಟ್ಟುಹೋಗಿದೆ ಎಂದು ಒಂದೊಂದಾಗಿ ನೋಡಿ.

ಎರಡು ಟೇಪ್‌ಗೆ ಹರಡಿದ ಬ್ಯಾಕಪ್‌ನ ಕ್ಯಾಟಲಾಗ್ ಕೊನೆಯ ಟೇಪ್‌ನಲ್ಲಿರುತ್ತದೆ. ಆ ಟೇಪ್ ಹಾಳಾದರೆ ರೀಸ್ಟೋರ್ ಮಾಡುವಾಗ ಎನ್‌ಟಿಬ್ಯಾಕಪ್ ಅನ್ನು /ಮಿಸ್ಸಿಂಗ್‌ಟೇಪ್ ಜೊತೆ ಓಡಿಸಬೇಕು, ಆಗ ಪ್ರತಿ ಟೇಪನ್ನೂ ಸ್ವತಂತ್ರವಾಗಿ ಓದಿ ಪಟ್ಟಿ ಮಾಡುತ್ತದೆ. ನಿಧಾನ, ಆದರೆ ನಡೆಯುತ್ತದೆ. ಬರೆದ ಡ್ರೈವ್ ಬಿಟ್ಟು ಇನ್ನೊಂದು ಡ್ರೈವ್‌ನಲ್ಲಿ ಓದಿ ನೋಡಿದರೆ ಇನ್ನೂ ಒಳ್ಳೆಯದು: ತಲೆ ಸರಿದ ಡ್ಯಾಟ್ (ಡಿಡಿಎಸ್) ಡ್ರೈವ್ ತಾನು ಬರೆದದ್ದನ್ನು ತಾನೇ ಚೆನ್ನಾಗಿ ಓದುತ್ತದೆ, ಬೇರೆಯದು ಓದುವುದಿಲ್ಲ. ಡಿಡಿಎಸ್-4 ಅಥವಾ ಡ್ಯಾಟ್72 ಡ್ರೈವ್ ಡಿಡಿಎಸ್-3 ಟೇಪನ್ನು ಓದುತ್ತದೆ.

ಆದರೆ ನಿಮ್ಮ ಸಂದರ್ಭದಲ್ಲಿ ಟೇಪ್ ಎರಡನೇ ಹೆಜ್ಜೆ ಆಗಲಿ. ಫೈಲ್ ಫೈಲಾಗಿ ಓದುವ ಬ್ಯಾಕಪ್ ತಲೆಯನ್ನು ಡಿಸ್ಕ್ ತುಂಬ ಅತ್ತಿತ್ತ ಓಡಿಸುತ್ತದೆ. ಸಾಯುತ್ತಿರುವ ಡಿಸ್ಕ್‌ಗೆ ಮೊದಲಿನಿಂದ ಕೊನೆವರೆಗೆ ಒಂದೇ ಸಲ ಓದುವ ಇಮೇಜ್ (ಇಡೀ ಡಿಸ್ಕ್‌ನ ಸೆಕ್ಟರ್‌ವಾರು ನಕಲು) ಎಷ್ಟೋ ಹಗುರ. ಇಮೇಜ್ ಮೊದಲು, ಟೇಪ್ ಆಮೇಲೆ.

ಕಾಪಿಮಾಡು:

ಇಷ್ಟೆಲ್ಲ ಯಾಕೆ? ಮೂರು ಡಿಸ್ಕ್ ತೆಗೆದು ವಿಂಡೋಸ್ 2000 ಮಷೀನಿಗೆ ಹಾಕಿ ಕಾಪಿ ಮಾಡಿಕೊಂಡರೆ ಆಗುವುದಿಲ್ಲವೇ?

ಟೇಪ್‌ಪೆಟ್ಟಿಗೆ:

ಬೇಡ, ದಯವಿಟ್ಟು. ಎರಡು ಕಾರಣ. ಸೆಟ್‌ನ ಕ್ರಮ ನಿಮ್ಮ ಎನ್‌ಟಿ ರಿಜಿಸ್ಟ್ರಿಯಲ್ಲಿದೆ, ಆ ಮಷೀನಿನಲ್ಲಿ ಅಲ್ಲ. ಇನ್ನೊಂದು, ವಿಂಡೋಸ್ 2000 ತನಗೆ ಕಂಡ ಎನ್‌ಟಿಎಫ್‌ಎಸ್ 1.2 ವಾಲ್ಯೂಮನ್ನು ಕೇಳದೆಯೇ 3.0ಗೆ ಏರಿಸುತ್ತದೆ. ಅಂದರೆ ಕೆಟ್ಟ ಡಿಸ್ಕ್ ಮೇಲೆ ಬರೆದಂತೆ ಆಯಿತು. ಏರಿಸಿದ ಮೇಲೆ ಎನ್‌ಟಿ 4 ಸರ್ವಿಸ್ ಪ್ಯಾಕ್ 4ರಿಂದ ಮುಂದಿನದಾದರೆ ಓದುತ್ತದೆ, ಆದರೆ ಅದರ ಚೆಕ್‌ಡಿಸ್ಕ್ ಆ ವಾಲ್ಯೂಮನ್ನು ಮುಟ್ಟುವುದಿಲ್ಲ. ಎಕ್ಸ್‌ಪಿ ಮತ್ತು ಸರ್ವರ್ 2003ರಲ್ಲಿ ಎನ್‌ಟಿ ಕಾಲದ ವಾಲ್ಯೂಮ್ ಸೆಟ್‌ಗೆ ಬೆಂಬಲವೇ ಇಲ್ಲ. ಸಪೋರ್ಟ್ ಟೂಲ್ಸ್‌ನ ಎಫ್‌ಟಿಆನ್‌ಲೈನ್ ಬಳಸಿದರೆ ಮುಂದಿನ ರೀಬೂಟ್‌ವರೆಗೆ ಮಾತ್ರ ಕಾಣಿಸುತ್ತದೆ. ಇಂಥ ಪ್ರಯೋಗಗಳನ್ನು ಇಮೇಜ್ ಕೈಯಲ್ಲಿದ್ದಾಗ, ಇಮೇಜ್‌ನ ಪ್ರತಿಯ ಮೇಲೆ ಮಾಡಿ.

ಹಳೇಸರ್ವರ್:

ಫ್ಲಾಪಿ, ಆರ್‌ಡಿಸ್ಕ್ ಎರಡೂ ಆಯಿತು. ಇಮೇಜ್‌ಗೆ ಪಿಸಿಐ ಇರುವ ಹಳೆಯ ಪಿಸಿ, 29160 ಕಾರ್ಡ್, ಲಿನಕ್ಸ್ ಲೈವ್ ಸಿಡಿ ಸಿದ್ಧ ಮಾಡಿದ್ದೇನೆ. ಡಿಸ್ಕ್‌ಗಳ ಕನೆಕ್ಟರ್ 80 ಪಿನ್ ಎಸ್‌ಸಿಎ. ಮುಂದೆ?

ಟರ್ಮಿನೇಟರ್68:

80 ಪಿನ್‌ನಿಂದ 68 ಪಿನ್‌ಗೆ ಅಡಾಪ್ಟರ್ ಬೇಕು. ಎಸ್‌ಸಿಎ ಡಿಸ್ಕ್‌ನಲ್ಲಿ ಟರ್ಮಿನೇಷನ್ (ಕೇಬಲ್ ತುದಿಯಲ್ಲಿ ಸಂಕೇತ ಮರಳದಂತೆ ತಡೆಯುವ ವ್ಯವಸ್ಥೆ) ಇರುವುದಿಲ್ಲ, ಹಾಗಾಗಿ ಕೇಬಲ್‌ನ ತುದಿಯಲ್ಲೇ ಟರ್ಮಿನೇಟರ್ ಇರಲಿ, ಡಿಸ್ಕ್ ಅದಕ್ಕಿಂತ ಹಿಂದಿನ ಕನೆಕ್ಟರ್‌ಗೆ. ಐಡಿ ಅಡಾಪ್ಟರ್ ಮೇಲಿನ ಜಂಪರ್‌ನಲ್ಲಿ ಹಾಕಬೇಕು, 7 ಬೇಡ, ಅದು ಕಾರ್ಡ್‌ನದು. ಅಗ್ಗದ ಅಡಾಪ್ಟರ್‌ಗಳು ಪೂರ್ತಿ ವೇಗದಲ್ಲಿ ಪ್ಯಾರಿಟಿ ತಪ್ಪು ಕೊಡುತ್ತವೆ. ಕಾರ್ಡ್‌ನ ಬಯೋಸ್‌ನಲ್ಲಿ ವೇಗವನ್ನು 20 ಅಥವಾ 40 ಎಂಬಿಗೆ ಇಳಿಸಿಕೊಳ್ಳಿ. ಒಂದು ಸಲಕ್ಕೆ ಒಂದೇ ಡಿಸ್ಕ್ ಕಟ್ಟಿ. ಕೆಟ್ಟ ಡಿಸ್ಕ್ ಬಸ್ ರೀಸೆಟ್ ಮಾಡುತ್ತಿದ್ದರೆ ಪಕ್ಕದವರ ಕೆಲಸವನ್ನೂ ಕೆಡಿಸುತ್ತದೆ.

ನಾಲ್ಕೂ ಡಿಸ್ಕ್‌ಗಳ ಇಮೇಜ್‌ಗೆ 32 ಜಿಬಿ, ಪ್ರಯೋಗಕ್ಕೆ ಇನ್ನೊಂದು ಪ್ರತಿ ಎಂದರೆ 64 ಜಿಬಿ ಜಾಗ ಬೇಕು. ಪಾರ್ಟಿಷನ್‌ನದಲ್ಲ, ಇಡೀ ಡಿಸ್ಕ್‌ನ ಇಮೇಜ್ ತೆಗೆಯಿರಿ. ಸಹಿ ಇರುವುದು ಎಂಬಿಆರ್‌ನಲ್ಲಿ, ಪಾರ್ಟಿಷನ್ ಮಾತ್ರ ತೆಗೆದರೆ ಅದು ಹೋಯಿತು. ಚೆನ್ನಾಗಿರುವ ಮೂರಕ್ಕೂ ಕೆಟ್ಟದ್ದಕ್ಕೂ ಇಮೇಜ್ ತೆಗೆಯುವ ಪ್ರೋಗ್ರಾಮ್ ಗ್ನೂ ಡಿಡಿರೆಸ್ಕ್ಯೂ ಒಂದೇ. ಮೊದಲ ಸುತ್ತು -ಎನ್ ಆಯ್ಕೆಯಲ್ಲಿ, ಓದಲು ಬರುವುದನ್ನೆಲ್ಲ ಬಾಚಿಕೊಳ್ಳಲು. ಎರಡನೇ ಸುತ್ತು -ಡಿ -ಆರ್3, ಕೆಟ್ಟ ಜಾಗಗಳಿಗೆ ಮೂರು ಸಲ ಪ್ರಯತ್ನ. ಎರಡೂ ಸುತ್ತಿಗೆ ಅದೇ ಮ್ಯಾಪ್‌ಫೈಲ್ (ಎಲ್ಲಿ ಓದಾಯಿತು, ಎಲ್ಲಿ ಇಲ್ಲ ಎಂಬ ದಾಖಲೆ) ಕೊಡಬೇಕು. ಕೊಡದಿದ್ದರೆ ಮತ್ತೆ ಮೊದಲಿನಿಂದ ಓದುತ್ತದೆ. ಕೆಟ್ಟ ಡಿಸ್ಕ್‌ಗೆ ಎದುರಿನಿಂದ ಒಂದು ಫ್ಯಾನ್ ಬೀಸುತ್ತಿರಲಿ. ನಡುವೆ ಆರಿಸಿ ಹಚ್ಚಬೇಡಿ, ಹಳೆಯ ಡಿಸ್ಕ್ ನಿಂತರೆ ಮತ್ತೆ ತಿರುಗದೆ ಹೋಗಬಹುದು.

ಸೆಕ್ಟರ್‌ಲೆಕ್ಕ:

ಇಮೇಜ್ ಆದ ಮೇಲೆ ಅವನ್ನು ಜೋಡಿಸಿ ಓದುವ ಭಾಗ ನಾನು ಬರೆಯುತ್ತೇನೆ.

ಮೂರು ಇಮೇಜ್‌ಗಳನ್ನೂ ಲೋಸೆಟಪ್‌ನಲ್ಲಿ (ಇಮೇಜನ್ನು ಡಿಸ್ಕ್‌ನಂತೆ ತೋರಿಸುವ ಲಿನಕ್ಸ್ ಕಮಾಂಡ್) -ಆರ್ -ಪಿ (ಪಿ ದೊಡ್ಡಕ್ಷರ) ಕೊಟ್ಟು ಹಚ್ಚಿ. -ಆರ್ ಎಂದರೆ ಓದಲು ಮಾತ್ರ, ಅದು ಕಡ್ಡಾಯ. ಲಿನಕ್ಸ್‌ನ ಎಫ್‌ಡಿಸ್ಕ್ -ಎಲ್ ಕೊಟ್ಟಾಗ ಪಾರ್ಟಿಷನ್ ಮಾದರಿ 87 ಎಂದೂ, ಆರಂಭ 63ನೇ ಸೆಕ್ಟರ್ ಎಂದೂ ಕಾಣಬೇಕು. 255 ಹೆಡ್, 63 ಸೆಕ್ಟರ್ ಲೆಕ್ಕದಲ್ಲಿ ಒಂದು ಸಿಲಿಂಡರ್ ಎಂದರೆ 16,065 ಸೆಕ್ಟರ್. ಪಾರ್ಟಿಷನ್ 1,106 ಸಿಲಿಂಡರ್ ತುಂಬಿದ್ದರೆ ಮೊದಲ 63 ಕಳೆದು 17,767,827 ಸೆಕ್ಟರ್. ನಿಮ್ಮ ಡಿಸ್ಕ್‌ಗಳದು ಬೇರೆ ಇದ್ದರೆ ಆ ಅಂಕಿ ಹಾಕಿಕೊಳ್ಳಿ. ತುಂಡುಗಳನ್ನು ಒಂದಾಗಿ ಜೋಡಿಸುವ ಡಿಎಂಸೆಟಪ್‌ಗೆ ಕೊಡುವ ಕೋಷ್ಟಕ ಮೂರೇ ಸಾಲು. ಪ್ರತಿ ಸಾಲಿನಲ್ಲಿ ವಾಲ್ಯೂಮ್‌ನಲ್ಲಿ ತುಂಡು ಶುರುವಾಗುವ ಸೆಕ್ಟರ್, ತುಂಡಿನ ಉದ್ದ, ಲೀನಿಯರ್ ಎಂಬ ಪದ, ಲೂಪ್ ಪಾರ್ಟಿಷನ್‌ನ ಹೆಸರು, ಕೊನೆಗೆ 0:

0 – 17767827 – ಲೀನಿಯರ್ – ಮೊದಲ ತುಂಡು – 0
17767827 – 17767827 – ಲೀನಿಯರ್ – ಎರಡನೇ ತುಂಡು – 0
35535654 – 17767827 – ಲೀನಿಯರ್ – ಮೂರನೇ ತುಂಡು – 0

ಅಡ್ಡಗೆರೆಗಳು ಇಲ್ಲಿ ಓದಲು ಹಾಕಿದ್ದು, ಕೋಷ್ಟಕದಲ್ಲಿ ಬರೀ ಖಾಲಿ ಜಾಗ. ಇದಕ್ಕೆ ಲಿನಕ್ಸ್‌ನ ಎಂಡಿ ಡ್ರೈವರ್‌ನ ಲೀನಿಯರ್ ರೇಡ್ ಬಳಸಬೇಡಿ. 17,767,827 ಬೆಸಸಂಖ್ಯೆ ಎಂಬುದನ್ನು ಗಮನಿಸಿ. ತುಂಡಿನಲ್ಲಿ ಬೆಸಸಂಖ್ಯೆಯ ಸೆಕ್ಟರ್‌ಗಳಿದ್ದರೆ ಎಂಡಿ ಕೊನೆಯ ಸೆಕ್ಟರನ್ನು ಬಿಟ್ಟು ಜೋಡಿಸುತ್ತದೆ, ಎರಡನೇ ತುಂಡಿನಿಂದ ಮುಂದಿನದೆಲ್ಲ ಒಂದೊಂದು ಸೆಕ್ಟರ್ ಸರಿದು ಕೂರುತ್ತದೆ. ಮೌಂಟ್ ಆಗುತ್ತದೆ, ಫೋಲ್ಡರ್‌ಗಳೂ ಕಾಣಬಹುದು, ಫೈಲ್ ತೆರೆದರೆ ಕಸ. ಡಿಎಂಸೆಟಪ್ ಬಳಸುವ ಡಿವೈಸ್ ಮ್ಯಾಪರ್‌ನಲ್ಲಿ ಈ ಕಾಟ ಇಲ್ಲ.

ಕ್ರಮ ಸರಿಯಿದೆಯೇ ಎಂದು ಡಿಸ್ಕ್‌ಗಳನ್ನೇ ಕೇಳಬಹುದು. ರಿಜಿಸ್ಟ್ರಿ ಕಳೆದುಕೊಂಡವರಿಗೂ ಇದು ದಾರಿ. ಎನ್‌ಟಿಎಫ್‌ಎಸ್ ಬೂಟ್ ಸೆಕ್ಟರ್‌ನ 3ನೇ ಬೈಟ್‌ನಿಂದ ಎನ್‌ಟಿಎಫ್‌ಎಸ್ ಎಂಬ ಅಕ್ಷರಗಳಿರುತ್ತವೆ. ಯಾವ ಪಾರ್ಟಿಷನ್‌ನ ಮೊದಲ ಸೆಕ್ಟರ್‌ನಲ್ಲಿ ಅದು ಕಾಣುತ್ತದೋ ಅದು ಮೊದಲ ತುಂಡು. ಎನ್‌ಟಿ 4 ಬೂಟ್ ಸೆಕ್ಟರ್‌ನ ನಕಲನ್ನು ವಾಲ್ಯೂಮ್‌ನ ಕಟ್ಟಕಡೆಯ ಸೆಕ್ಟರ್‌ನಲ್ಲಿ ಇಡುತ್ತದೆ. ಯಾವ ಪಾರ್ಟಿಷನ್‌ನ ಕೊನೆಯ ಸೆಕ್ಟರ್‌ನಲ್ಲಿ ಅದು ಸಿಗುತ್ತದೋ ಅದು ಕೊನೆಯ ತುಂಡು. ಮೂರು ಡಿಸ್ಕ್ ಎಂದಮೇಲೆ ಉಳಿದದ್ದು ನಡುವಿನದು, ಊಹೆಯ ಮಾತೇ ಇಲ್ಲ.

ಬೂಟ್ ಸೆಕ್ಟರ್‌ನ 40ನೇ ಬೈಟ್‌ನಿಂದ ಎಂಟು ಬೈಟ್ ಒಟ್ಟು ಸೆಕ್ಟರ್ ಸಂಖ್ಯೆ. ಅದು ಮೂರು ತುಂಡುಗಳ ಮೊತ್ತಕ್ಕಿಂತ ಒಂದು ಕಡಿಮೆ ಇರಬೇಕು: ಮೊತ್ತ 53,303,481 ಆದರೆ ಅಲ್ಲಿ 53,303,480. ಹೊಂದದಿದ್ದರೆ ಒಂದು ತುಂಡು ತಪ್ಪಿದೆ ಅಥವಾ ನಾಲ್ಕನೆಯದು ಎಲ್ಲೋ ಇದೆ. ಸಿಸ್ಟಮ್ ಡಿಸ್ಕ್‌ನಲ್ಲಿ ಉಳಿದ ಜಾಗವನ್ನೂ ಸೆಟ್‌ಗೆ ಸೇರಿಸಿರಬಹುದು, ಒಂದು ಸೆಟ್‌ನಲ್ಲಿ 32 ತುಂಡುಗಳವರೆಗೆ ಬರುತ್ತವೆ.

ನಡುವಿನ ತುಂಡನ್ನು ಪರೀಕ್ಷಿಸಲು ಎಂಎಫ್‌ಟಿ ಮಿರರ್ (ಎಂಎಫ್‌ಟಿಯ ಮೊದಲ ದಾಖಲೆಗಳ ನಕಲು) ಇದೆ. ಬೂಟ್ ಸೆಕ್ಟರ್‌ನ 56ನೇ ಬೈಟ್‌ನಿಂದ ಅದರ ಕ್ಲಸ್ಟರ್ (ಸೆಕ್ಟರ್‌ಗಳ ಗುಂಪು) ಸಂಖ್ಯೆ, 13ನೇ ಬೈಟ್‌ನಲ್ಲಿ ಕ್ಲಸ್ಟರ್‌ಗೆ ಎಷ್ಟು ಸೆಕ್ಟರ್ ಎಂಬುದು. ಎನ್‌ಟಿ 4 ಮಿರರನ್ನು ವಾಲ್ಯೂಮ್‌ನ ನಟ್ಟನಡುವೆ ಇಡುತ್ತದೆ. ಕ್ಲಸ್ಟರ್ 3,331,467 ಇದ್ದು ಕ್ಲಸ್ಟರ್‌ಗೆ 8 ಸೆಕ್ಟರ್ ಆದರೆ ಸೆಕ್ಟರ್ 26,651,736. ಮೊದಲ ತುಂಡಿನ ಉದ್ದ ಕಳೆದರೆ ಎರಡನೇ ತುಂಡಿನ 8,883,909ನೇ ಸೆಕ್ಟರ್. ಅಲ್ಲಿ ಇಂಗ್ಲಿಷ್ ದೊಡ್ಡಕ್ಷರದಲ್ಲಿ ಫೈಲ್ ಎಂಬ ನಾಲ್ಕು ಅಕ್ಷರ ಕಂಡರೆ ಜೋಡಣೆ ಸೆಕ್ಟರ್ ಮಟ್ಟಕ್ಕೆ ಸರಿ. ವಾಲ್ಯೂಮನ್ನು ಆಮೇಲೆ ಎಕ್ಸ್‌ಟೆಂಡ್ ಮಾಡಿದ್ದರೆ ಮಿರರ್ ಹಳೆಯ ನಡುವಿನಲ್ಲೇ ಉಳಿಯುತ್ತದೆ, ಹಳೆಯ ಕೊನೆಯಲ್ಲಿ ಬೂಟ್ ಸೆಕ್ಟರ್‌ನ ಹಳಸಲು ನಕಲೂ ಇರಬಹುದು. ಆಗ ಒಟ್ಟು ಸೆಕ್ಟರ್ ಸಂಖ್ಯೆ ಯಾವುದರಲ್ಲಿ ದೊಡ್ಡದೋ ಅದನ್ನು ನಂಬಿ.

ಎಲ್ಲ ಹೊಂದಿದ ಮೇಲೆ ಓದಲು ಮಾತ್ರ ಎಂದು ಮೌಂಟ್ ಮಾಡಿ.

ಹಳೇಸರ್ವರ್:

ಒಂದು, ಮೂರು ಪೂರ್ತಿ ಬಂದವು. ಡಿಸ್ಕ್ 2ರಲ್ಲಿ ಎರಡನೇ ಸುತ್ತಿನ ನಂತರವೂ 11 ಸೆಕ್ಟರ್ ಓದಲಾಗಲಿಲ್ಲ. ನೀವು ಹೇಳಿದ ಎಲ್ಲ ಪರೀಕ್ಷೆ ಹೊಂದಿತು, ಮೌಂಟ್ ಆಗಿದೆ. ಆ 11 ಸೆಕ್ಟರ್ ಯಾವ ಫೈಲ್‌ನದು ಎಂದು ತಿಳಿಯುವುದು ಹೇಗೆ? ರೀಸ್ಟೋರ್ ಬಗ್ಗೆಯೂ ಹೇಳಿ.

ಸೆಕ್ಟರ್‌ಲೆಕ್ಕ:

ಡಿಡಿರೆಸ್ಕ್ಯೂಲಾಗ್‌ನಿಂದ ಮ್ಯಾಪ್‌ಫೈಲ್ ಓದಿಸಿದರೆ ಕೆಟ್ಟ ಸೆಕ್ಟರ್‌ಗಳ ಪಟ್ಟಿ ಕೊಡುತ್ತದೆ. ಅವು ಡಿಸ್ಕ್‌ನ ಲೆಕ್ಕ, ನಿಮಗೆ ಬೇಕಾದದ್ದು ವಾಲ್ಯೂಮ್‌ನ ಲೆಕ್ಕ. ಡಿಸ್ಕ್ 2 ಸೆಟ್‌ನ ಎರಡನೇ ತುಂಡು ಆದ್ದರಿಂದ 63 ಕಳೆದು 17,767,827 ಕೂಡಿಸಿ. 9,000,063ನೇ ಸೆಕ್ಟರ್ ಕೆಟ್ಟಿದ್ದರೆ ವಾಲ್ಯೂಮ್‌ನಲ್ಲಿ ಅದು 26,767,827. ಎನ್‌ಟಿಎಫ್‌ಎಸ್ ಉಪಕರಣಗಳಲ್ಲಿರುವ ಎನ್‌ಟಿಎಫ್‌ಎಸ್‌ಕ್ಲಸ್ಟರ್‌ಗೆ -ಎಸ್ ಆಯ್ಕೆಯಲ್ಲಿ ಈ ಸಂಖ್ಯೆ ಕೊಟ್ಟರೆ ಫೈಲ್ ಹೆಸರು ಹೇಳುತ್ತದೆ. ಏನೂ ಹೇಳದಿದ್ದರೆ ಅದು ಖಾಲಿ ಜಾಗ, ಚಿಂತೆ ಬೇಡ. ಹೆಸರು ಬಂದ ಫೈಲ್‌ಗಳನ್ನು ಹಳೆಯ ಟೇಪ್‌ಗಳಲ್ಲಿ ಹುಡುಕಿ. ಇಮೇಜ್‌ನಲ್ಲಿ ಆ ಸೆಕ್ಟರ್‌ಗಳ ಜಾಗದಲ್ಲಿ ಸೊನ್ನೆಗಳಿವೆ. ಫೈಲ್ ತೆರೆದುಕೊಂಡಿತು ಎಂಬ ಮಾತ್ರಕ್ಕೆ ಒಳಗಿನ ಲೆಕ್ಕ ಸರಿಯಿದೆ ಎಂದುಕೊಳ್ಳಬೇಡಿ.

ಟೇಪ್‌ಪೆಟ್ಟಿಗೆ:

ರೀಸ್ಟೋರ್‌ಗೆ ಮೂರು ಡಿಸ್ಕ್ ಬೇಕಿಲ್ಲ. ಫೈಲ್‌ಗಳಿಗೆ ತಾವು ಸೆಟ್‌ನಲ್ಲಿದ್ದೇವೆ ಎಂಬುದು ಗೊತ್ತಿಲ್ಲ. 36 ಜಿಬಿಯ ಒಂದೇ ಸ್ಕಸಿ ಡಿಸ್ಕ್ ಹಾಕಿ, ಒಂದೇ ಎನ್‌ಟಿಎಫ್‌ಎಸ್ ಪಾರ್ಟಿಷನ್ ಮಾಡಿ, ಅದಕ್ಕೂ ಇ ಎಂದೇ ಅಕ್ಷರ ಕೊಟ್ಟರೆ ಪ್ರೋಗ್ರಾಮ್‌ಗಳೂ ಹಂಚಿಕೆಗಳೂ ಹಾಗೇ ನಡೆಯುತ್ತವೆ. ನನ್ನ ಅಭಿಪ್ರಾಯದಲ್ಲಿ ವಾಲ್ಯೂಮ್ ಸೆಟ್ಟನ್ನು ಮತ್ತೆ ಕಟ್ಟುವುದೇ ತಪ್ಪು.

ಹೋಗುವ ದಾರಿ ಹೀಗಿರಲಿ: ಡಿಸ್ಕ್ 2ರ ಇಮೇಜನ್ನು ಅಷ್ಟೇ ಅಥವಾ ಅದಕ್ಕಿಂತ ದೊಡ್ಡದಾದ ಸ್ಕಸಿ ಡಿಸ್ಕ್‌ಗೆ ಬರೆದು, ಹಳೆಯದನ್ನು ತೆಗೆದು, ಇದನ್ನು ಅದರ ಜಾಗದಲ್ಲಿ ಹಾಕಿ. ಎಂಬಿಆರ್ ಸಮೇತ ಬರೆದಿರುವುದರಿಂದ ಸಹಿ ಹಾಗೇ ಇದೆ, ಎನ್‌ಟಿ ಸೆಟ್ಟನ್ನು ಗುರುತಿಸುತ್ತದೆ. ಒಂದೇ ಸಹಿಯ ಎರಡು ಡಿಸ್ಕ್ ಒಟ್ಟಿಗೆ ಕಟ್ಟಿ ಬೂಟ್ ಮಾಡಬೇಡಿ. ಬೂಟ್ ಆದ ಮೇಲೆ ಈಗ ಚೆಕ್‌ಡಿಸ್ಕ್ ಓಡಿಸಬಹುದು, ಮೊದಲು /ಎಫ್ ಇಲ್ಲದೆ. ನಂತರ ಟೇಪ್ ಬ್ಯಾಕಪ್, ಅದರ ಹಿಂದೆ ಹೊಸ ಡಿಸ್ಕ್‌ಗೆ ರೋಬೋಕಾಪಿ. ಆ ಕಾಪಿ ಕಮಾಂಡ್ ಎನ್‌ಟಿ 4 ರಿಸೋರ್ಸ್ ಕಿಟ್‌ನಲ್ಲಿದೆ. /ಇ /ಸೆಕ್ /ಆರ್:1 /ಡಬ್ಲ್ಯೂ:1 ಕೊಡಿ. /ಸೆಕ್ ಬಿಟ್ಟರೆ ಅನುಮತಿಗಳು ಬರುವುದಿಲ್ಲ. /ಆರ್ ಬಿಟ್ಟರೆ ಓದಲಾಗದ ಒಂದು ಫೈಲ್‌ಗೆ 30 ಸೆಕೆಂಡ್ ಬಿಟ್ಟು ಬಿಟ್ಟು 10 ಲಕ್ಷ ಸಲ ಪ್ರಯತ್ನಿಸುತ್ತದೆ, ಬೆಳಿಗ್ಗೆ ಬಂದು ನೋಡಿದರೆ ಅಲ್ಲೇ ನಿಂತಿರುತ್ತದೆ. ಕಾಪಿ ಮುಗಿದು ಫೈಲ್ ಎಣಿಕೆ ಹೊಂದಿದ ಮೇಲೆ ಹಳೆಯ ಇ ಅಕ್ಷರವನ್ನು ಬೇರೆಗೆ ಬದಲಿಸಿ, ಹೊಸದಕ್ಕೆ ಇ ಕೊಟ್ಟು ರೀಬೂಟ್ ಮಾಡಿ.

ಸಿಸ್ಟಮ್ ಡಿಸ್ಕೇ ಸತ್ತು ಎನ್‌ಟಿ ಹೊಸದಾಗಿ ಹಾಕಬೇಕಾದವರಿಗೆ: ಹೊಸ ಎನ್‌ಟಿಯಲ್ಲಿ ಸೆಟ್‌ನ ತುಂಡುಗಳು ಬಿಡಿ ಪಾರ್ಟಿಷನ್‌ಗಳಾಗಿ, ಗುರುತಿಲ್ಲದವಾಗಿ ಕಾಣುತ್ತವೆ. ಫಾರ್ಮ್ಯಾಟ್ ಮಾಡಬೇಡಿ. ಕಾನ್ಫಿಗರೇಷನ್ → ರೀಸ್ಟೋರ್‌ಗೆ ಆ ಫ್ಲಾಪಿ ಕೊಟ್ಟರೆ ಸೆಟ್ ಮರಳುತ್ತದೆ. ಫ್ಲಾಪಿ ಇಲ್ಲ, ಆದರೆ ಹಳೆಯ ಎನ್‌ಟಿ ಫೋಲ್ಡರ್ ಯಾವುದೋ ಪಾರ್ಟಿಷನ್‌ನಲ್ಲಿ ಉಳಿದಿದೆ ಎಂದರೆ ಅದೇ ಮೆನುವಿನ ಸರ್ಚ್ ಅಲ್ಲಿಂದ ಹುಡುಕಿ ತರುತ್ತದೆ. ಎರಡೂ ಇಲ್ಲದಿದ್ದರೆ ರಿಸೋರ್ಸ್ ಕಿಟ್‌ನ ಎಫ್‌ಟಿಎಡಿಟ್‌ನಲ್ಲಿ ತುಂಡುಗಳನ್ನು ಕ್ರಮವಾಗಿ ಕೈಯಿಂದಲೇ ಸೇರಿಸಬೇಕು. ಅದು ಕ್ರಮ ಸರಿಯೇ ಎಂದು ನೋಡುವುದಿಲ್ಲ. ಸೆಕ್ಟರ್‌ಲೆಕ್ಕ ಅವರ ಪರೀಕ್ಷೆ ಮಾಡಿಕೊಂಡೇ ಸೇರಿಸಿ.

ಟರ್ಮಿನೇಟರ್68:

ಇನ್ನೊಂದು ದಾರಿ ವರ್ಚುವಲ್ ಮಷೀನ್. ನಾಲ್ಕು ಇಮೇಜ್‌ಗಳನ್ನೂ ಬದಲಿಸದೆ ವರ್ಚುವಲ್‌ಬಾಕ್ಸ್‌ಗೆ ಪರಿವರ್ತಿಸಿ ಹಚ್ಚಿದರೆ, ಸಹಿಗಳು ಹಾಗೇ ಇರುವುದರಿಂದ ಎನ್‌ಟಿ ತಾನಾಗಿ ಇ ಡ್ರೈವನ್ನು ಕಟ್ಟಿಕೊಳ್ಳುತ್ತದೆ. ಐಡಿಇಯಲ್ಲಿ ನಾಲ್ಕೇ ಜಾಗ, ನಾಲ್ಕು ಡಿಸ್ಕ್‌ಗೆ ಸರಿಹೋಗಿ ಸಿಡಿಗೆ ಜಾಗ ಉಳಿಯುವುದಿಲ್ಲ. ಡೇಟಾ ಡಿಸ್ಕ್‌ಗಳನ್ನು ಬಸ್‌ಲಾಜಿಕ್ ಸ್ಕಸಿಗೆ ಹಾಕಿ, ಅದರ ಡ್ರೈವರ್ ಎನ್‌ಟಿ 4 ಸಿಡಿಯಲ್ಲೇ ಇದೆ. ಮೂಲ ಸರ್ವರ್‌ನಲ್ಲಿ ಇದ್ದದ್ದು ಅಡಾಪ್ಟೆಕ್ ಡ್ರೈವರ್ ಮಾತ್ರ ಆದರೆ ಬೂಟ್‌ನಲ್ಲಿ 7ಬಿ (ಬೂಟ್ ಡಿಸ್ಕ್ ಸಿಗಲಿಲ್ಲ ಎಂಬ) ನೀಲಿ ಪರದೆ ಬರುತ್ತದೆ. ಅದಕ್ಕೆ ಇಮೇಜ್ ತೆಗೆಯುವ ಮೊದಲೇ ಐಡಿಇ ಡ್ರೈವರ್ ಆದ ಅಟಾಪಿ ಸರ್ವಿಸ್‌ನ ಸ್ಟಾರ್ಟ್ ಮೌಲ್ಯವನ್ನು 0 ಮಾಡಿಟ್ಟಿರಬೇಕು. ನೀವು ಈಗಾಗಲೇ ತೆಗೆದಿದ್ದೀರಿ. ಡಿಸ್ಕ್ 0 ಚೆನ್ನಾಗಿಯೇ ಇದೆಯಲ್ಲ, ಸರ್ವರ್ ಮತ್ತೆ ಎದ್ದ ಮೇಲೆ ಆ ಸ್ಟಾರ್ಟ್ ಮೌಲ್ಯವನ್ನು ಬದಲಿಸಿ ಅದೊಂದರ ಇಮೇಜ್ ಇನ್ನೊಮ್ಮೆ ತೆಗೆದುಕೊಳ್ಳಿ. ಎರಡು ಪ್ರೊಸೆಸರ್‌ನ ಸರ್ವರ್ ಆಗಿದ್ದರೆ ವರ್ಚುವಲ್ ಮಷೀನಿನಲ್ಲಿ ಐಒ ಎಪಿಕ್ ಆನ್ ಮಾಡಿ, ಇಲ್ಲದಿದ್ದರೆ ಹ್ಯಾಲ್ (ಹಾರ್ಡ್‌ವೇರ್ ಜೊತೆ ಮಾತಾಡುವ ಎನ್‌ಟಿಯ ಪದರ) ಹಂತದಲ್ಲೇ ನಿಲ್ಲುತ್ತದೆ.

ಹಳೇಸರ್ವರ್:

ಹೊಸ ಡಿಸ್ಕ್ 2 ಹಾಕಿ ಬೂಟ್ ಆಯಿತು, ಇ ಡ್ರೈವ್ ಬಂದಿದೆ. 11 ಸೆಕ್ಟರ್‌ಗಳಲ್ಲಿ 8 ಖಾಲಿ ಜಾಗದವು, 3 ಒಂದೇ ನಕ್ಷೆಯ ಫೈಲ್‌ನವು. ಅದರ ಪ್ರತಿ ಹಳೆಯ ಟೇಪ್‌ನಲ್ಲಿ ಸಿಕ್ಕಿತು. ಈಗ ಟೇಪ್‌ಗೆ ವೆರಿಫೈ ಜೊತೆ ಬರೆಯುತ್ತಿದೆ, ಎರಡನೇ ಟೇಪ್ ಕೇಳಿದೆ. ಅದು ಮುಗಿದ ಕೂಡಲೇ ರೋಬೋಕಾಪಿ. ಎಲ್ಲರಿಗೂ ತುಂಬ ಧನ್ಯವಾದ.